ಪದಕ್ಕೆ ಎರಡು ರೂಪಾಯಿ, ಗಂಟೆಗೆ ಎಷ್ಟು? ಕ್ಲೈಂಟ್‌ಗಳಿಗೆ ಬ್ಲಾಗ್ ಬರೆದು ಬದುಕುವ ಲೆಕ್ಕ

ಬೆಂಗಳೂರಿನ ಸಾಲದ ಆ್ಯಪ್ ಇರಲಿ, ಕೊಡಗಿನ ಹೋಮ್‌ಸ್ಟೇ ಇರಲಿ, ಹುಬ್ಬಳ್ಳಿಯ ದಂತ ಚಿಕಿತ್ಸಾಲಯ ಇರಲಿ, ಅವುಗಳ ವೆಬ್‌ಸೈಟಿನಲ್ಲಿ ‘ಬ್ಲಾಗ್’ ಅಂತ ಒಂದು ಮೂಲೆ ಇದ್ದೇ ಇರುತ್ತದೆ. ‘ರೂಟ್ ಕೆನಾಲ್ ಆದ ಮೇಲೆ ಏನು ತಿನ್ನಬಹುದು’, ‘ಗೃಹಸಾಲ ಬೇಗ ತೀರಿಸಿದರೆ ಲಾಭವೇ’ ಎಂಬಂಥ ಲೇಖನಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಬಹುಮಟ್ಟಿಗೆ ಅವನ್ನು ದಂತವೈದ್ಯರೂ ಬರೆದಿರುವುದಿಲ್ಲ, ಆ್ಯಪ್‌ನ ಮಾಲೀಕರೂ ಬರೆದಿರುವುದಿಲ್ಲ. ಶಿರಸಿಯಲ್ಲೋ ಶಿವಮೊಗ್ಗದಲ್ಲೋ ಮನೆಯಲ್ಲಿ ಕೂತ ಯಾರೋ ಬರೆದಿರುತ್ತಾರೆ. ಅವರು ಲೇಖನಕ್ಕೆ ಹೆಸರು ಹಾಕುವುದಿಲ್ಲ, ಬಿಲ್ ಹಾಕುತ್ತಾರೆ.

ಈ ಕೆಲಸಕ್ಕೆ ಇಳಿಯಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು ‘ಪದಕ್ಕೆ ಎಷ್ಟು ಕೊಡ್ತಾರೆ?’ ಅಂತ. ಒಂದು ಲೇಖನಕ್ಕೆ ಎಷ್ಟು ಗಂಟೆ ಹೋಗುತ್ತದೆ, ಹಣ ಯಾವ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಎಷ್ಟು ಸೋರುತ್ತದೆ, ಎಷ್ಟು ದಿನ ಬಿಟ್ಟು ಕೈಸೇರುತ್ತದೆ ಎಂದು ಕೇಳುವವರು ಕಡಿಮೆ. ಈ ಕಸುಬಿನಲ್ಲಿ ನಿಲ್ಲುವವರನ್ನೂ ಆರು ತಿಂಗಳಿಗೆ ಬಿಟ್ಟುಹೋಗುವವರನ್ನೂ ಬೇರೆ ಮಾಡುವುದು ಬರವಣಿಗೆಗಿಂತ ಹೆಚ್ಚಾಗಿ ಈ ಲೆಕ್ಕವೇ ಎಂಬುದು ನನ್ನ ಅಭಿಪ್ರಾಯ.

ಕ್ಲೈಂಟ್ ಕೊಳ್ಳುವುದೇನು

ಕಂಪನಿ ದುಡ್ಡು ಕೊಡುವುದು ಲೇಖನದ ಚೆಲುವಿಗಲ್ಲ. ಯಾರೋ ಗೂಗಲ್‌ನಲ್ಲಿ ‘ಹಲ್ಲಿನ ಕ್ಯಾಪ್ ಎಷ್ಟು ವರ್ಷ ಬಾಳಿಕೆ ಬರುತ್ತದೆ’ ಎಂದು ಹುಡುಕಿದಾಗ ತನ್ನ ಪುಟ ಮೇಲೆ ಕಾಣಬೇಕು, ಓದಿದವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು, ಅಷ್ಟೇ ಅದರ ಆಸೆ. ಅದಕ್ಕೇ ಕೆಲಸ ಶುರುವಾಗುವುದು ‘ಬ್ರೀಫ್’ ಎಂಬ ಕಾಗದದಿಂದ. ಅದರಲ್ಲಿ ಮುಖ್ಯ ಕೀವರ್ಡ್ (ಜನ ಗೂಗಲ್‌ನಲ್ಲಿ ಹುಡುಕುವ ಪದ), ಪದಗಳ ಮಿತಿ, ಉಪಶೀರ್ಷಿಕೆಗಳು, ಪ್ರತಿಸ್ಪರ್ಧಿಗಳ ಲಿಂಕುಗಳು, ತಮ್ಮದೇ ಸೈಟಿನ ಯಾವ ಪುಟಗಳಿಗೆ ಕೊಂಡಿ ಹಾಕಬೇಕು, ಗಡುವು ಎಲ್ಲ ಇರುತ್ತದೆ. ಗೂಗಲ್ ಫಲಿತಾಂಶದಲ್ಲಿ ಕಾಣುವ ಎರಡು ಸಾಲಿನ ಮೆಟಾ ವಿವರಣೆಯನ್ನೂ ನೀವೇ ಬರೆಯಬೇಕು, ಸುಮಾರು 155 ಅಕ್ಷರಗಳೊಳಗೆ. ಬ್ರೀಫ್ ಕೊಡದೆ ‘ಚೆನ್ನಾಗಿ ಒಂದು ಬರೆದುಕೊಡಿ’ ಎನ್ನುವ ಕ್ಲೈಂಟ್ ಸಿಕ್ಕರೆ ಖುಷಿಪಡಬೇಡಿ. ಅವರಿಗೆ ಏನು ಬೇಕೆಂದು ಅವರಿಗೇ ಗೊತ್ತಿಲ್ಲ ಅಂತ ಅರ್ಥ. ಅದು ತಿಳಿಯುವುದು ನೀವು ಬರೆದು ಕೊಟ್ಟ ಮೇಲೆ, ತಿದ್ದುಪಡಿಯ ರೂಪದಲ್ಲಿ.

ಕೆಲಸ ಕೊಡುವವರಲ್ಲಿ ಮೂರು ಬಗೆ. ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಎಡೆಬಿಡದೆ ಕೆಲಸ ಕೊಡುತ್ತದೆ, ದರ ಮಾತ್ರ ಕಡಿಮೆ, ಏಕೆಂದರೆ ನಡುವೆ ಅದರ ಪಾಲು ಇದೆ. ನೇರ ಕಂಪನಿಗಳು ಹೆಚ್ಚು ಕೊಡುತ್ತವೆ, ಸಿಗುವುದು ಕಷ್ಟ. ಮೂರನೆಯದು ಅಪ್‌ವರ್ಕ್, ಫೈವರ್‌ನಂಥ ಜಾಲತಾಣಗಳ ಮೂಲಕ ಬರುವ ವಿದೇಶಿ ಕ್ಲೈಂಟ್‌ಗಳು. ಹೊಸಬರು ನೇರ ಕೊನೆಯದಕ್ಕೇ ಹಾರುತ್ತಾರೆ. ಆದರೆ ನಾನು ಕಂಡಂತೆ ಮೊದಲ ಕ್ಲೈಂಟ್ ಸಿಗುವುದು ಗುರುತಿನವರ ಮೂಲಕವೇ: ಹಳೆಯ ಸಹೋದ್ಯೋಗಿಯ ಹೊಸ ಕಂಪನಿ, ಚಿಕ್ಕಪ್ಪನ ಮಗನ ಕೋಚಿಂಗ್ ಸೆಂಟರ್, ಹೀಗೆ.

ನಾಲ್ಕನೆಯ ಬಗೆಯೂ ಒಂದಿದೆ, ಅವರು ಕ್ಲೈಂಟ್‌ಗಳಲ್ಲ. ‘ಮನೆಯಲ್ಲೇ ಕೂತು ಬರೆಯಿರಿ, ನೋಂದಣಿ ಶುಲ್ಕ ಇಷ್ಟು’ ಎಂದು ಶುರುಮಾಡಿ, ಕೆಲಸದಲ್ಲಿ ತಪ್ಪು ಹುಡುಕಿ, ಆಮೇಲೆ ‘ಒಪ್ಪಂದ ಮುರಿದಿದ್ದೀರಿ’ ಅಂತ ವಕೀಲರ ನೋಟಿಸಿನಂಥದ್ದನ್ನು ವಾಟ್ಸ್ಆ್ಯಪ್‌ಗೆ ಕಳಿಸಿ ಹೆದರಿಸುವವರು. ಬರೆಯುವವರಿಂದಲೇ ದುಡ್ಡು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಇವರಿಗಿಂತ ಸ್ವಲ್ಪ ಮರ್ಯಾದಸ್ಥರು, ಒಂದೇ ವಿಷಯವನ್ನು ಹತ್ತು ಜನರಿಗೆ ಹಂಚಿ ‘ಸ್ಯಾಂಪಲ್’ ಹೆಸರಿನಲ್ಲಿ ಹತ್ತು ಲೇಖನ ಪುಕ್ಕಟೆ ಬರೆಸಿಕೊಳ್ಳುವವರು. ಸ್ಯಾಂಪಲ್ ಕೇಳಿದರೆ ಹಳೆಯದನ್ನು ತೋರಿಸಿ. ಹೊಸದೇ ಬೇಕೆಂದರೆ ಅದಕ್ಕೂ ದರ ಹೇಳಿ.

ಒಂದು ಲೇಖನದ ಹಿಂದೆ ಹೋಗೋಣ

ಪದಕ್ಕೆ ಐವತ್ತು ಪೈಸೆಗೂ ಕಡಿಮೆ ಕೊಡುವವರಿದ್ದಾರೆ. ಹಣಕಾಸು, ಸಾಫ್ಟ್‌ವೇರ್‌ನಂಥ ವಿಷಯಗಳಿಗೆ ನಾಲ್ಕೈದು ರೂಪಾಯಿ ಕೊಡುವವರೂ ಇದ್ದಾರೆ. ಲೆಕ್ಕಕ್ಕೆ ಎರಡು ರೂಪಾಯಿ ಎಂದಿಟ್ಟುಕೊಳ್ಳಿ. 1500 ಪದಗಳ ಇಂಗ್ಲಿಷ್ ಲೇಖನಕ್ಕೆ 3000 ರೂಪಾಯಿ.

ಬ್ರೀಫ್ ಓದಿ, ಗೂಗಲ್‌ನಲ್ಲಿ ಮೇಲಿರುವ ಪುಟಗಳನ್ನು ನೋಡಲು ಒಂದು ಗಂಟೆ. ಮಾಹಿತಿ ಕಲೆಹಾಕಲು ಎರಡು. ಬರೆಯಲು ಮೂರು. ತಿದ್ದುಪಡಿಗೆ ಒಂದು. ವೆಬ್‌ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಏರಿಸಿ, ಚಿತ್ರ ಹುಡುಕಿ, ಕೊಂಡಿ ಹಾಕಲು ಅರ್ಧ. ಇಮೇಲ್, ಫೋನು, ಬಿಲ್‌ಗೆ ಇನ್ನರ್ಧ. ಒಟ್ಟು ಎಂಟು ಗಂಟೆ, ಅಂದರೆ ಗಂಟೆಗೆ 375 ರೂಪಾಯಿ. ಅದೇ ಕ್ಲೈಂಟ್ ಇನ್ನೆರಡು ಸುತ್ತು ತಿದ್ದಿಸಿದರೆ ಹತ್ತು ಗಂಟೆ, ದರ 300ಕ್ಕೆ ಇಳಿಯಿತು. ಹೀಗಾಗಿಯೇ ಪದಕ್ಕೆ ಒಂದೂವರೆ ರೂಪಾಯಿ ಕೊಟ್ಟು ಮೊದಲ ಪ್ರತಿಯನ್ನೇ ಒಪ್ಪಿಕೊಳ್ಳುವ ಕ್ಲೈಂಟ್, ಎರಡು ರೂಪಾಯಿ ಕೊಟ್ಟು ನಾಲ್ಕು ಸಲ ಕುಣಿಸುವವರಿಗಿಂತ ವಾಸಿ. ಬ್ರೀಫ್ ತೆರೆದ ಹೊತ್ತು, ಮುಚ್ಚಿದ ಹೊತ್ತು ಎರಡನ್ನೂ ಗುರುತು ಹಾಕದಿದ್ದರೆ ಈ ವ್ಯತ್ಯಾಸ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಇನ್ನು ತಿಂಗಳ ಲೆಕ್ಕ. ಕೆಲಸದ ದಿನಗಳು 22 ಎಂದರೂ ಅದರಲ್ಲಿ ಐದಾರು ಹೊಸ ಕ್ಲೈಂಟ್ ಹುಡುಕುವುದಕ್ಕೆ, ಬಾಕಿ ವಸೂಲಿಗೆ, ಕರೆಂಟ್ ಹೋದದ್ದಕ್ಕೆ ಸಲ್ಲುತ್ತವೆ. ಉಳಿದದ್ದರಲ್ಲಿ ದಿನಕ್ಕೊಂದರಂತೆ ಹದಿನೈದು ಲೇಖನವಾದರೆ 45,000 ರೂಪಾಯಿ. ಇದು ಸಂಬಳವಲ್ಲ, ವ್ಯಾಪಾರದ ವಹಿವಾಟು. ಪಿಎಫ್ ಇಲ್ಲ, ರಜೆಗೆ ಹಣವಿಲ್ಲ, ಆರೋಗ್ಯ ವಿಮೆ ಕೈಯಿಂದ. (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆದದ್ದು ನಮ್ಮಂಥವರಿಗೆ ಸಿಕ್ಕ ಸಣ್ಣ ಸಮಾಧಾನ.) ಕೆಲಸ ಬಿಟ್ಟು ಇದಕ್ಕಿಳಿಯುವವರು ಆರು ತಿಂಗಳ ಮನೆಖರ್ಚನ್ನು ಪಕ್ಕಕ್ಕಿಟ್ಟಿರಬೇಕು ಎನ್ನುವುದು ಇದಕ್ಕೇ. ಗೃಹಸಾಲ ಬೇಕಿದ್ದರೆ ಕೆಲಸದಲ್ಲಿರುವಾಗಲೇ ತೆಗೆದುಕೊಳ್ಳಿ. ಸ್ವಂತ ಕಸುಬಿನವರನ್ನು ಬ್ಯಾಂಕು ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿಯೇ ಒಳಗೆ ಬಿಡುವುದು.

ಇದಕ್ಕೆ ಇರುವ ಮದ್ದು ರಿಟೇನರ್, ಅಂದರೆ ತಿಂಗಳಿಗೆ ಇಷ್ಟು ಲೇಖನ, ಇಷ್ಟು ಹಣ ಎಂಬ ಮಾತು. ಎರಡು ರಿಟೇನರ್ ಇದ್ದರೆ ತಿಂಗಳ ಕೊನೆಯ ನಿದ್ದೆ ಸುಧಾರಿಸುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ವರಮಾನ ಒಬ್ಬರಿಂದಲೇ ಬರುತ್ತಿದ್ದರೆ, ಆ ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರ್ ಬದಲಾದ ದಿನ ನಿಮ್ಮ ಕಸುಬೂ ಅಲುಗಾಡುತ್ತದೆ. ಹೊಸ ಮ್ಯಾನೇಜರ್‌ಗಳು ಬಂದೊಡನೆ ಮೊದಲು ಬದಲಿಸುವುದು ಬರೆಯುವವರನ್ನೇ. ಯಾಕೋ ಗೊತ್ತಿಲ್ಲ.

ಕನ್ನಡದಲ್ಲಿ ಬರೆದರೆ

ಕನ್ನಡ ಬ್ಲಾಗ್ ಕೇಳುವವರು ಈಗ ಇದ್ದಾರೆ. ಬಿತ್ತನೆ ಬೀಜ, ಗೊಬ್ಬರ, ಸಣ್ಣ ಸಾಲ, ಆಸ್ಪತ್ರೆ, ಶಿಕ್ಷಣದ ಆ್ಯಪ್‌ಗಳಿಗೆ ಕನ್ನಡ ಓದುಗರು ಬೇಕು. ಆದರೆ ಅವರು ದರ ಹೇಳುವುದು ಇಂಗ್ಲಿಷಿನ ಅಳತೆಯಲ್ಲಿ, ಪದಕ್ಕೆ ಇಷ್ಟು ಅಂತ. ಇಲ್ಲೇ ಪೆಟ್ಟು ಬೀಳುವುದು. ನಮ್ಮ ‘ಕಟ್ಟಬೇಕಾಗಿರಲಿಲ್ಲವಂತೆ’ ಎಂಬುದು ಎಣಿಕೆಯ ಯಂತ್ರಕ್ಕೆ ಒಂದೇ ಪದ. ವಿಭಕ್ತಿ, ಕಾಲ, ನಿಷೇಧ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುವುದರಿಂದ 1000 ಪದದ ಇಂಗ್ಲಿಷ್ ಲೇಖನದ ವಿಷಯವನ್ನು ಕನ್ನಡದಲ್ಲಿ ಪೂರ್ತಿ ಹೇಳಿದರೂ ಎಣಿಕೆ ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. ದುಡಿಮೆ ಅಷ್ಟೇ, ಬಿಲ್ ಕಡಿಮೆ. ಆದ್ದರಿಂದ ಕನ್ನಡಕ್ಕೆ ಲೇಖನಕ್ಕಿಷ್ಟು ಎಂದು ದರ ಹೇಳಿ. ಅನುವಾದವಾದರೆ ಮೂಲದ ಪದಸಂಖ್ಯೆಗೆ ಬಿಲ್ ಹಾಕಿ; ಅನುವಾದ ಕ್ಷೇತ್ರದಲ್ಲಿ ಅದು ಒಪ್ಪಿತ ಪದ್ಧತಿ, ಕೇಳಲು ಸಂಕೋಚ ಬೇಡ.

ಇನ್ನೊಂದು ತಲೆನೋವು ಅಕ್ಷರದ್ದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಕಡತವನ್ನು ವರ್ಡ್‌ಪ್ರೆಸ್‌ಗೆ ಅಂಟಿಸಿದರೆ ರೋಮನ್ ಅಕ್ಷರಗಳ ಕಿಚಡಿ ಕಾಣುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್‌ನಲ್ಲೇ ಬರೆಯಿರಿ. ಕ್ಲೈಂಟ್ ಹಳೆಯ ಕಡತ ಕೊಟ್ಟು ತಿದ್ದಿಕೊಡಿ ಎಂದರೆ, ಪರಿವರ್ತಕ ಕೆಡಿಸುವ ಅರ್ಕಾವತ್ತು, ಒತ್ತಕ್ಷರಗಳನ್ನು ಸರಿಪಡಿಸುವ ಹೊತ್ತನ್ನೂ ಬಿಲ್‌ಗೆ ಸೇರಿಸಿ.

ಕಾಗದ

ಬರೆದದ್ದು ಯಾರದ್ದು? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯಲ್ಲಿದ್ದು ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು; ಸ್ವತಂತ್ರವಾಗಿ ಬರೆದುಕೊಟ್ಟದ್ದು ಬರೆದವರದ್ದು, ಬರವಣಿಗೆಯಲ್ಲಿ ವರ್ಗಾಯಿಸಿಕೊಡುವವರೆಗೆ. ಆ ವರ್ಗಾವಣೆಯಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆ ಐದು ವರ್ಷ ಎಂದು ಭಾವಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ದೊಡ್ಡ ಕಂಪನಿಗಳ ಒಪ್ಪಂದದಲ್ಲಿ ‘ಸಮಸ್ತ ಹಕ್ಕು, ಶಾಶ್ವತ, ಜಗತ್ತಿನಾದ್ಯಂತ’ ಎಂದು ಇರುವುದು ಈ ಕಾರಣಕ್ಕೆ. ಕೊಡಬಾರದು ಅಂತಲ್ಲ, ಹೆಸರಿಲ್ಲದೆ ಬರೆಯುವ ಕಸುಬಿನಲ್ಲಿ ಹಕ್ಕು ಇಟ್ಟುಕೊಂಡು ಮಾಡುವುದೇನಿದೆ. ಒಂದು ಸಾಲನ್ನು ಮಾತ್ರ ಸೇರಿಸಿ: ‘ಪೂರ್ತಿ ಹಣ ಸಂದಾಯವಾದ ಮೇಲೆ ಹಕ್ಕು ವರ್ಗಾವಣೆಯಾಗುತ್ತದೆ.’ ಹಣ ಕೊಡದೆ ಲೇಖನ ಪ್ರಕಟಿಸಿದವರ ಮುಂದೆ ನಿಮ್ಮ ಕೈಯಲ್ಲಿರುವ ಗಟ್ಟಿ ಮಾತು ಅದು. ಇದರ ಜೊತೆಗೆ ಎಷ್ಟು ಸುತ್ತು ತಿದ್ದುಪಡಿ ಉಚಿತ, ಲೇಖನ ರದ್ದಾದರೆ ಎಷ್ಟು ಕೊಡಬೇಕು, ನಿಮ್ಮ ಮಾದರಿಗಳ ಪಟ್ಟಿಯಲ್ಲಿ ಅದನ್ನು ತೋರಿಸಬಹುದೇ ಎಂಬುದೂ ಇರಲಿ. ಸ್ಟ್ಯಾಂಪ್ ಪೇಪರ್ ಹುಡುಕಿಕೊಂಡು ಹೋಗಬೇಕಿಲ್ಲ. ಹಕ್ಕು ಬರೆದುಕೊಡುವ ಕಾಗದಕ್ಕೆ ಸಹಿ ಬೇಕು. ಉಳಿದ ಷರತ್ತುಗಳಿಗೆ ಇಮೇಲ್‌ನಲ್ಲಿ ‘ಒಪ್ಪಿದೆ’ ಎಂಬ ಉತ್ತರ ಬಂದರೂ ಕೆಲಸ ನಡೆಯುತ್ತದೆ.

ತಡವಾಗುವ ಹಣದ ವಿಚಾರಕ್ಕೆ ಬಂದರೆ, ಇಲ್ಲಿ ಕಾನೂನು ನಮ್ಮ ಕಡೆಗಿದೆ ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು, ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಕೊಳ್ಳುವವರು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿಯೊಂದಿಗೆ ಕೊಡಬೇಕು. ಬಡ್ಡಿ ವಸೂಲಿ ಮಾಡಿದವರನ್ನು ನಾನಂತೂ ಕಂಡಿಲ್ಲ. ಕಂಪನಿಗಳಿಗೆ ನಿಜವಾಗಿ ನಾಟುವುದು ಬೇರೆಯದು: ಕಿರು ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಅದೇ ವರ್ಷದ ಆದಾಯದಿಂದ ಕಳೆಯಲು ಕೊಳ್ಳುವ ಕಂಪನಿಗೆ ಆಗದಿರಬಹುದು. ವರ್ಷಾಂತ್ಯದ ಬಾಕಿಗಳಿಗೆ ಇದು ವಿಶೇಷವಾಗಿ ತಾಗುತ್ತದೆ. 2023-24ನೇ ಹಣಕಾಸು ವರ್ಷದಿಂದ ಬಂದ ನಿಯಮವಿದು. ಹಾಗಾಗಿ ಬಿಲ್‌ನ ಮೇಲೆ ಉದ್ಯಮ್ ಸಂಖ್ಯೆ ಹಾಕಿ. ಜಗಳವಾಡಬೇಕಿಲ್ಲ, ಫೆಬ್ರುವರಿ ಕೊನೆಯಲ್ಲಿ ಮಾರ್ಕೆಟಿಂಗ್‌ನವರಿಗೆ ಬದಲು ಅಕೌಂಟ್ಸ್ ವಿಭಾಗಕ್ಕೇ ಹೀಗೊಂದು ಮೇಲ್ ಸಾಕು: ‘ಬಿಲ್ ಸಂಖ್ಯೆ ಇಷ್ಟು, ದಿನಾಂಕ ಇಷ್ಟು. 45 ದಿನ ಇಂಥ ದಿನಕ್ಕೆ ಮುಗಿಯುತ್ತದೆ. ನಮ್ಮದು ಉದ್ಯಮ್ ನೋಂದಾಯಿತ ಕಿರು ಉದ್ಯಮ, ಮಾರ್ಚ್ 31ರೊಳಗೆ ಸಂದಾಯವಾದರೆ ನಿಮ್ಮ ಲೆಕ್ಕಕ್ಕೂ ಅನುಕೂಲ.’ ಮಾರ್ಕೆಟಿಂಗ್‌ನವರು ‘ನೋಡ್ತೀವಿ’ ಎನ್ನುತ್ತಾರೆ, ಅಕೌಂಟ್ಸ್‌ನವರು ಕ್ಯಾಲೆಂಡರ್ ನೋಡುತ್ತಾರೆ.

ತೆರಿಗೆ

ಕಂಪನಿ 3000ಕ್ಕೆ ಬದಲು 2700 ಹಾಕಿದರೆ ಗಾಬರಿ ಬೇಡ, ಅದು ಟಿಡಿಎಸ್. ವೃತ್ತಿಪರ ಶುಲ್ಕದ ಮೇಲೆ ಶೇ 10ರಷ್ಟು ಮುರಿದುಕೊಂಡು ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟುತ್ತಾರೆ. ಒಬ್ಬ ಕ್ಲೈಂಟ್ ವರ್ಷಕ್ಕೆ ಕೊಡುವ ಮೊತ್ತ 50,000 ದಾಟಿದರೆ ಇದು ಅನ್ವಯ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಕೆಲವರು ಗುತ್ತಿಗೆ ಕೆಲಸವೆಂದು ಶೇ 1 ಮಾತ್ರ ಮುರಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20. ಮುರಿದದ್ದು ನಿಜವಾಗಿ ಕಟ್ಟಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಮುರಿದು ಕಟ್ಟದೆ ಇರುವ ಪುಣ್ಯಾತ್ಮರೂ ಉಂಟು.

ಖರ್ಚಿನ ರಸೀದಿ ಇಡುವ ಗೋಜಿಲ್ಲದ ಅಂದಾಜು ತೆರಿಗೆ ಯೋಜನೆಯೊಂದಿದೆ. ಲೆಕ್ಕಪರಿಶೋಧಕರು 44ಎಡಿಎ ಎಂದು ಕರೆದುಕೊಂಡು ಬಂದದ್ದು. ಒಟ್ಟು ವಹಿವಾಟಿನ ಅರ್ಧವನ್ನು ಆದಾಯ ಎಂದು ತೋರಿಸಿದರೆ ಆಯಿತು. ಮಿತಿ 50 ಲಕ್ಷ, ನಗದು ಶೇ 5 ಮೀರದಿದ್ದರೆ 75 ಲಕ್ಷ. ಆದರೆ ಅದು ಪಟ್ಟಿಯಲ್ಲಿರುವ ವೃತ್ತಿಗಳಿಗೆ. ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ತಾಂತ್ರಿಕ ಸಲಹೆ ಎಂದೆಲ್ಲ ಇರುವ ಆ ಪಟ್ಟಿಯಲ್ಲಿ ಬ್ಲಾಗ್ ಬರಹದ ಹೆಸರಿಲ್ಲ. ಹಲವರು ಅದರಡಿಯೇ ಸಲ್ಲಿಸುತ್ತಾರೆ, ಕೆಲ ಲೆಕ್ಕಪರಿಶೋಧಕರು ವ್ಯಾಪಾರದ ಆದಾಯವೆಂದು ತೋರಿಸುತ್ತಾರೆ. ಯೂಟ್ಯೂಬ್ ನೋಡಿ ನೀವೇ ತೀರ್ಮಾನಿಸುವ ಬದಲು ಒಮ್ಮೆ ಹಣ ಕೊಟ್ಟು ಸಿಎ ಹತ್ತಿರ ಕೇಳುವುದು ಅಗ್ಗ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳೂ ಬದಲಾಗಿವೆ, ಹಳೆಯ ವಿಡಿಯೊಗಳಲ್ಲಿ ಕೇಳಿದ ಸಂಖ್ಯೆ ಈಗ ಸಿಗುವುದಿಲ್ಲ.

ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ವಿದೇಶದಿಂದ ಬಂದದ್ದೂ ಆ 20 ಲಕ್ಷದ ಎಣಿಕೆಗೆ ಸೇರುತ್ತದೆ. ಅದರ ಮೇಲೆ ತೆರಿಗೆ ಕಟ್ಟಬೇಕಿಲ್ಲ, ಆದರೆ ನೋಂದಾಯಿತರಾದವರು ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ವರ್ಷವರ್ಷ ಸಲ್ಲಿಸಬೇಕು.

ಹೊರದೇಶದ ದುಡ್ಡು ಬರುವ ದಾರಿಯಲ್ಲಿ ಸುಂಕದ ಕಟ್ಟೆಗಳು ಹೆಚ್ಚು. ಫೈವರ್ ಶೇ 20 ಇಟ್ಟುಕೊಳ್ಳುತ್ತದೆ. ಅಪ್‌ವರ್ಕ್ 2023ರಿಂದ ಶೇ 10 ಇಟ್ಟಿತ್ತು, 2025ರಲ್ಲಿ ಅದನ್ನು ಗುತ್ತಿಗೆಗೆ ತಕ್ಕಂತೆ ಶೇ 0ರಿಂದ 15ರವರೆಗೆ ಏರಿಳಿಯುವಂತೆ ಮಾಡಿತು. ಅರ್ಜಿ ಹಾಕಲು ಬೇಕಾದ ‘ಕನೆಕ್ಟ್ಸ್’ಗೂ ದುಡ್ಡು. ಹಣ ತರಿಸಿಕೊಳ್ಳುವ ಪೇಪಾಲ್‌ನಲ್ಲಿ ಶುಲ್ಕ ಬೇರೆ, ಡಾಲರನ್ನು ರೂಪಾಯಿ ಮಾಡುವಾಗ ಕಡಿತ ಬೇರೆ, ಈ ಎರಡನೆಯದು ಕಣ್ಣಿಗೆ ಕಾಣದು. ನೂರು ಡಾಲರಿನ ಬಿಲ್ ಹಾಕುವ ಮೊದಲು, ಅಂದಿನ ದರದಲ್ಲಿ ಕೈಗೆಷ್ಟು ಬರುತ್ತದೆ ಎಂದು ಹಿಂದಿನಿಂದ ಲೆಕ್ಕ ಹಾಕಿ ದರ ಹೇಳಬೇಕು. ಅಮೆರಿಕದವರು ಡಬ್ಲ್ಯೂ-8ಬೆನ್ ಎಂಬ ಫಾರಂ ಕೇಳಿದರೆ ತುಂಬಿಕೊಡಿ, ನೀವು ಅಲ್ಲಿನ ತೆರಿಗೆದಾರರಲ್ಲ ಎಂಬ ಘೋಷಣೆ ಅದು.

ಎಐ ಬಂದ ಮೇಲೆ

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ‘ಮ್ಯೂಚುಯಲ್ ಫಂಡ್ ಎಂದರೇನು’, ‘ನೀರು ಕುಡಿಯುವ ಹತ್ತು ಲಾಭ’ದಂಥ ಲೇಖನಗಳಿಂದ ಹೊಟ್ಟೆ ಹೊರೆಯುತ್ತಿದ್ದವರ ಕೆಲಸ ಬರಬರುತ್ತ ಬತ್ತಿತು. 2024ರ ಆಗಸ್ಟ್‌ನಲ್ಲಿ ಗೂಗಲ್ ಭಾರತದಲ್ಲೂ ಹುಡುಕಾಟದ ಮೇಲ್ಭಾಗದಲ್ಲಿ ಎಐ ಉತ್ತರ ತೋರಿಸಲು ಶುರುಮಾಡಿದ ಮೇಲೆ ಅಂಥ ಪುಟಗಳಿಗೆ ಕ್ಲಿಕ್ ಮಾಡಿ ಬರುವವರೂ ಕಡಿಮೆಯಾದರೆ ಆಶ್ಚರ್ಯವಿಲ್ಲ. ಈಗ ಏಜೆನ್ಸಿಗಳು ಎಐ ಬರೆದದ್ದನ್ನು ಕಾಲುಭಾಗ ದರಕ್ಕೆ ‘ತಿದ್ದಿಕೊಡಿ’ ಎನ್ನುತ್ತವೆ. ಒಪ್ಪಿಕೊಳ್ಳುವ ಮೊದಲು ಒಂದು ಲೇಖನದ ಮೇಲೆ ಗಡಿಯಾರ ಇಟ್ಟು ನೋಡಿ. ಅದು ಹೇಳಿದ ಪ್ರತಿ ಅಂಕಿ ನಿಜವೇ ಎಂದು ಹುಡುಕಲು ಹೋಗುವ ಹೊತ್ತಿನಲ್ಲಿ ಹೊಸದನ್ನೇ ಬರೆಯಬಹುದಿತ್ತು ಅನ್ನಿಸುವುದುಂಟು.

ಇದರ ಉಲ್ಟಾ ಕಾಟವೂ ಇದೆ: ಕೈಯಾರೆ ಬರೆದದ್ದನ್ನು ಯಾವುದೋ ಪತ್ತೆಯಂತ್ರಕ್ಕೆ ಹಾಕಿ ‘ಇದು ಶೇ 80 ಎಐ’ ಎಂದು ಹಣ ತಡೆಹಿಡಿಯುವವರು. ಅಂಥವರಿಗೆ ಹೇಳಬೇಕಾದ್ದು ಒಂದೇ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆಯಂತ್ರವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಸಾಲುಸಾಲಾಗಿ ಹೇಗೆ ಬರೆದಿರಿ ಎಂಬ ಇತಿಹಾಸ ಉಳಿಯುತ್ತದೆ, ಅದನ್ನು ತೋರಿಸಿ.

ಹಾಗಾದರೆ ಯಾರಿಗೆ ಕೆಲಸ ಉಳಿದಿದೆ? ವಿಷಯ ಗೊತ್ತಿದ್ದವರಿಗೆ. ಬ್ಯಾಂಕಿನಲ್ಲಿದ್ದು ಬಂದವರು ಸಾಲದ ಬಗ್ಗೆ, ನರ್ಸ್ ಆಗಿದ್ದವರು ಆಸ್ಪತ್ರೆಗೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರು ಬೀಜ ಗೊಬ್ಬರದ ಕಂಪನಿಗೆ ಬರೆದರೆ ದರದ ಚೌಕಾಸಿಯೇ ಬೇರೆ ಮಟ್ಟದಲ್ಲಿ ನಡೆಯುತ್ತದೆ. ಗೂಗಲ್ ಕೂಡ ಪುಟಗಳ ಗುಣಮಟ್ಟ ಅಳೆಯುವ ತನ್ನ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ ‘ಅನುಭವ’ ಎಂಬ ಅಂಶ ಸೇರಿಸಿತು.

ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಔಷಧಿ ಕಂಪನಿಯೊಂದು ಅದರ ಬಗ್ಗೆ ಬ್ಲಾಗ್ ಕೇಳಿತು ಅನ್ನಿ. ಮಳೆಗಾಲ ಹಿಡಿಯುವ ಮೊದಲು ಶೇ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸಬೇಕು, 40-45 ದಿನ ಬಿಟ್ಟು ಮತ್ತೊಮ್ಮೆ ಎಂಬಷ್ಟನ್ನು ಯಂತ್ರವೂ ಬರೆಯುತ್ತದೆ. ಶಿರಸಿ, ಸಾಗರದ ಕಡೆ ನಾಲ್ಕು ಬೆಳೆಗಾರರಿಗೆ ಫೋನ್ ಮಾಡಿದವರಿಗೆ ಬೇರೆಯೇ ಕಥೆ ಸಿಗುತ್ತದೆ. ಎರಡನೆಯ ಸಲದ ಹೊತ್ತಿಗೆ ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ, ಸಿಕ್ಕ ದಿನ ಮಳೆ ಬಿಡುವುದಿಲ್ಲ. ಕೆಳಗೆ ನಿಂತೇ ಫೈಬರ್ ದೋಟಿಯಲ್ಲಿ, ಅಂದರೆ ಉದ್ದನೆಯ ಗಳುವಿನಲ್ಲಿ, ಹೊಡೆದರೆ ಗೊನೆಯ ಹಿಂಬದಿಗೆ ಔಷಧಿ ತಲುಪುತ್ತದೋ ಇಲ್ಲವೋ ಎಂಬುದೇ ಅವರ ಚಿಂತೆ. ಬೆಳೆಗಾರ ಹುಡುಕುವುದು ಆ ಪ್ರಶ್ನೆಗೆ ಉತ್ತರ, ಕಂಪನಿಗೆ ಬೇಕಾಗಿರುವುದೂ ಆ ಬೆಳೆಗಾರನೇ. ಇಂಥ ಲೇಖನಕ್ಕೆ ಪದದ ದರ ಹೇಳಬೇಡಿ. ಫೋನಿಗೆ ಹೋಗುವ ಅರ್ಧ ದಿನ, ಬರೆಯುವ ಒಂದು ದಿನ, ಕಂಪನಿಯ ಕೃಷಿತಜ್ಞರಿಗೆ ತೋರಿಸಿ ತಿದ್ದುವ ಎರಡು ಗಂಟೆ ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿ, ಅರ್ಧ ಮುಂಗಡ ಕೇಳಿ.